ಕಿತ್ತೂರು: ಕತ್ತಿಗಿಂತ ಮೊದಲು ಕಾಗದ

ಕಿತ್ತೂರು ರಾಣಿ ಚೆನ್ನಮ್ಮ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕುದುರೆಯೇರಿ ಕತ್ತಿ ಹಿರಿದ ವೀರವನಿತೆ. ಬಿ.ಆರ್. ಪಂತುಲು ಅವರ 1961ರ ಚಲನಚಿತ್ರ, ಶಾಲಾ ನಾಟಕಗಳು ಕಪ್ಪ ಕೊಡಲೊಲ್ಲದ ರಾಣಿಯನ್ನು ಮನೆಮನೆಗೂ ಪರಿಚಯಿಸಿವೆ. ಆದರೆ 1824ರ ಸಂಘರ್ಷದ ಮೂಲ ಕಪ್ಪವಲ್ಲ, ದತ್ತಕ.

ಬೆಳಗಾವಿ ಬಳಿಯ ಕಾಕತಿಯಲ್ಲಿ 1778ರಲ್ಲಿ ಜನಿಸಿದ ಚೆನ್ನಮ್ಮ ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾದಳು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂದಿತು. 1824ರ ಸೆಪ್ಟೆಂಬರಿನಲ್ಲಿ ಹಿರಿಯ ರಾಣಿಯ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಬಾಲಕನೊಬ್ಬನನ್ನು ಆತ ದತ್ತು ತೆಗೆದುಕೊಂಡಿದ್ದಾನೆಂದು ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿತು. ಪತ್ರದ ಸಾಚಾತನವನ್ನೇ ಸಂಶಯಿಸಿದ ಥ್ಯಾಕರೆ ದತ್ತಕವನ್ನು ಒಪ್ಪದೆ ಭಂಡಾರಕ್ಕೆ ಕಾವಲು ಹಾಕಿಸಿದ. ಮನೆಯ ವಾರಸುದಾರ ಯಾರೆಂದು ನಿರ್ಧರಿಸಬೇಕಾದವರು ಮನೆಯವರೋ, ಕಂಪನಿಯೋ?

ರಾಣಿ ಮೊದಲು ಹಿಡಿದದ್ದು ಲೇಖನಿ. ಕಮಿಷನರ್ ಚಾಪ್ಲಿನ್, ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಇಬ್ಬರಿಗೂ ಮನವಿ ಕಳುಹಿಸಿದಳು. ಫಲ ಸಿಗಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಿಗೆ ಫಿರಂಗಿ ಬಂದಾಗ ಕಿತ್ತೂರಿನ ಪಡೆ ಹೊರನುಗ್ಗಿತು. ಥ್ಯಾಕರೆ ಹತನಾದ, ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರ್ ಆರಂಭದಲ್ಲಿ ರಾಣಿ ಅವರನ್ನು ಬಿಟ್ಟುಕೊಟ್ಟಳು. ಆದರೂ ಮುತ್ತಿಗೆ ನಿಲ್ಲಲಿಲ್ಲ. 5ರ ಹೊತ್ತಿಗೆ ಕೋಟೆ ಬಿದ್ದಿತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಚೆನ್ನಮ್ಮ ಕೊನೆಯುಸಿರೆಳೆದಳು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದರು. ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಇಂದು ಅವನದೇ ಹೆಸರು.

ಡಾಲ್‌ಹೌಸಿ 1848ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಮೇಲೆ ಸಾತಾರ, ಝಾನ್ಸಿಗಳನ್ನು ನುಂಗಿದ್ದು ದತ್ತಕವನ್ನು ತಿರಸ್ಕರಿಸುವ ಇದೇ ತರ್ಕದಿಂದ. ಕಿತ್ತೂರು ಅದನ್ನು ಮೊದಲೇ ಕಂಡಿತ್ತು.

ದೂರದ ಹವಾಯಿಯಲ್ಲೂ ಇಂಥದೇ ಕಥೆ. ಅಲ್ಲಿನ ರಾಣಿ ಲಿಲಿಯುಓಕಲಾನಿಯನ್ನು 1893ರ ಜನವರಿಯಲ್ಲಿ ಅಮೆರಿಕ ಮೂಲದ ವ್ಯಾಪಾರಿಗಳ ಗುಂಪು ಪದಚ್ಯುತಗೊಳಿಸಿತು. ಅಮೆರಿಕದ ನೌಕಾಸೈನಿಕರೂ ದಡಕ್ಕಿಳಿದಿದ್ದರು. ರಕ್ತಪಾತ ಬಯಸದ ಆಕೆ ಲಿಖಿತ ಪ್ರತಿಭಟನೆ ಸಲ್ಲಿಸಿ ಅಧಿಕಾರ ಬಿಟ್ಟಳು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು. ಸರಿಯಾಗಿ ನೂರು ವರ್ಷಗಳ ಬಳಿಕ, 1993ರಲ್ಲಿ, ಅಮೆರಿಕ ಆ ಕೃತ್ಯಕ್ಕೆ ಅಧಿಕೃತವಾಗಿ ಕ್ಷಮೆ ಕೇಳಿತು.

ಒಬ್ಬ ರಾಣಿ ಕಾದಿದಳು, ಇನ್ನೊಬ್ಬಳು ಕಾದಲಿಲ್ಲ. ರಾಜ್ಯ ಇಬ್ಬರಿಗೂ ಉಳಿಯಲಿಲ್ಲ. ಆದರೆ ತಮ್ಮ ಹಕ್ಕನ್ನು ಇಬ್ಬರೂ ಬರೆದು ಕೇಳಿದ್ದರು. ವಿದ್ಯಾರ್ಥಿಗಳು ಚೆನ್ನಮ್ಮನ ಕತ್ತಿಯ ಜೊತೆಗೆ ಆ ಮನವಿಗಳನ್ನೂ ನೆನೆಯಬೇಕು. ಅವಳು ಯುದ್ಧವನ್ನು ಅರಸಿ ಹೋದವಳಲ್ಲ. ನ್ಯಾಯ ಕೇಳಿ, ಅದು ಸಿಗದೆ ಯುದ್ಧಕ್ಕೆ ನಿಂತವಳು.