ಗೆದ್ದ ದರದ ಹೊರೆ: ಅಮೆರಿಕದ ಟ್ಯಾಂಕರ್ ವಿಮಾನ ಗುತ್ತಿಗೆಯ ಒಂದು ಅಧ್ಯಯನ

ಅಮೆರಿಕದ ಫೆಡರಲ್ ಗುತ್ತಿಗೆಗಳ ಚರ್ಚೆಯಲ್ಲಿ ಟೆಂಡರ್ ಗೆಲ್ಲುವುದನ್ನೂ ಕೆಲಸ ನಿಭಾಯಿಸುವುದನ್ನೂ ಬೇರೆ ಬೇರೆ ಹಂತಗಳೆಂದು ಕಾಣುವ ರೂಢಿಯಿದೆ. ಆಕಾಶದಲ್ಲೇ ಇಂಧನ ತುಂಬಿಸುವ ಕೆಸಿ-46 ಟ್ಯಾಂಕರ್ ವಿಮಾನದ ಪ್ರಕರಣ ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ನಿರ್ವಹಣೆಯ ಹಣೆಬರಹ ಬಹುಪಾಲು ಬಿಡ್ ಸಲ್ಲಿಸಿದ ದಿನವೇ ತೀರ್ಮಾನವಾಗಿರುತ್ತದೆ ಎಂಬುದು ಈ ಲೇಖನದ ವಾದ.

ಫೆಡರಲ್ ಖರೀದಿಗೆ ಆಧಾರವಾದ ಫೆಡರಲ್ ಅಕ್ವಿಸಿಷನ್ ರೆಗ್ಯುಲೇಷನ್ 1984ರಲ್ಲಿ ಜಾರಿಗೆ ಬಂತು. ಟೆಂಡರ್ ದಾಖಲೆಯ 'ಎಲ್' ವಿಭಾಗ ಬಿಡ್ ಬರೆಯುವ ಕ್ರಮವನ್ನೂ 'ಎಂ' ವಿಭಾಗ ಅದನ್ನು ಅಳೆಯುವ ಮಾನದಂಡವನ್ನೂ ಹೇಳುತ್ತದೆ. ಈ ಮಾನದಂಡಕ್ಕೆ ಗುತ್ತಿಗೆದಾರ ಮಾತ್ರವಲ್ಲ, ಸರ್ಕಾರವೂ ಬದ್ಧ. 2008ರ ಫೆಬ್ರವರಿಯಲ್ಲಿ ವಾಯುಪಡೆ 179 ಟ್ಯಾಂಕರ್‌ಗಳ ಗುತ್ತಿಗೆಗೆ ನಾರ್ಥ್‌ರಾಪ್ ಗ್ರಮನ್ ಮತ್ತು ಯುರೋಪಿನ ಇಎಡಿಎಸ್ ಜೋಡಿಯನ್ನು ಆರಿಸಿತು. ಸೋತ ಬೋಯಿಂಗ್ ಗವರ್ನ್‌ಮೆಂಟ್ ಅಕೌಂಟಬಿಲಿಟಿ ಆಫೀಸಿಗೆ ತಕರಾರು ಸಲ್ಲಿಸಿತು. ಇಂಥ ತಕರಾರನ್ನು 100 ದಿನಗಳೊಳಗೆ ಇತ್ಯರ್ಥಪಡಿಸಬೇಕು. ಜೂನ್ 18ರಂದು ಬಂದ ತೀರ್ಮಾನ ಬೋಯಿಂಗ್ ಪರವಾಗಿತ್ತು. ನಿಗದಿತ ಗುರಿಯನ್ನು ಮೀರಿದ ಸಾಮರ್ಥ್ಯಕ್ಕೆ ಹೆಚ್ಚುವರಿ ಅಂಕವಿಲ್ಲ ಎಂದು ಟೆಂಡರ್‌ನಲ್ಲಿ ಬರೆದಿದ್ದ ವಾಯುಪಡೆಯೇ ಎದುರಾಳಿಗೆ ಆ ಲಾಭ ಕೊಟ್ಟಿತ್ತು. ವಿಮಾನದ ಜೀವಿತಾವಧಿಯ ವೆಚ್ಚವನ್ನೂ ತಪ್ಪಾಗಿ ಲೆಕ್ಕ ಹಾಕಿತ್ತು.

ಮರುಟೆಂಡರ್‌ನಲ್ಲಿ ವಾಯುಪಡೆ ವಿವೇಚನೆಗೆ ಜಾಗವನ್ನೇ ಕಿರಿದು ಮಾಡಿತು. ಕಡ್ಡಾಯ ಅಗತ್ಯಗಳು 372. ಪ್ರತಿಯೊಂದಕ್ಕೂ ಪಾಸು ಇಲ್ಲವೇ ಫೇಲು. ದರಗಳ ಅಂತರ ಶೇ. 1ರೊಳಗಿದ್ದರಷ್ಟೇ ಉಳಿದ ಗುಣಗಳ ಪರಿಗಣನೆ. ಅಲ್ಲಿಗೆ ಇದು ದರದ ಪೈಪೋಟಿಯಾಯಿತು. 2011ರ ಫೆಬ್ರವರಿಯಲ್ಲಿ ಬೋಯಿಂಗ್ ಗೆದ್ದಿತು. ಆದರೆ ಅಭಿವೃದ್ಧಿ ಹಂತದಲ್ಲಿ ಸರ್ಕಾರದ ಹೊಣೆಗೆ 490 ಕೋಟಿ ಡಾಲರ್ ಮಿತಿಯಿತ್ತು. ಅದರಾಚೆಯ ಖರ್ಚೆಲ್ಲ ಕಂಪನಿಯ ತಲೆಯ ಮೇಲೆ.

ಆ ಮಿತಿ ಬಹುಬೇಗ ದಾಟಿತು. ಒಂದು ಕೆಟ್ಟರೆ ಇನ್ನೊಂದು ಉಳಿಯಲೆಂದು ದೂರ ದೂರ ಎಳೆಯಬೇಕಿದ್ದ ವೈರುಗಳ ವಿನ್ಯಾಸದಲ್ಲಿ ದೋಷ ಕಂಡು, ಅದನ್ನು ಮತ್ತೆ ಮಾಡಬೇಕಾಯಿತು. ಮೊದಲ ವಿಮಾನ ಕೈಸೇರಿದ್ದು 2019ರ ಜನವರಿಯಲ್ಲಿ. ಇಂಧನ ಕೊಳವೆಯನ್ನು ನಡೆಸುವ ಸಿಬ್ಬಂದಿ ಕ್ಯಾಮೆರಾ ತೋರಿಸುವ ಚಿತ್ರವನ್ನೇ ನಂಬಬೇಕು. ಬಿಸಿಲು ಕೆಲವು ಕೋನಗಳಲ್ಲಿ ಬಿದ್ದಾಗ ಆಳದ ಅಂದಾಜು ತಪ್ಪಿ, ಇಂಧನ ಪಡೆಯುವ ವಿಮಾನಕ್ಕೆ ಕೊಳವೆ ಉಜ್ಜುವ ಅಪಾಯವಿತ್ತು. ಈ ಕ್ಯಾಮೆರಾ ವ್ಯವಸ್ಥೆಯನ್ನು ತನ್ನ ಖರ್ಚಿನಲ್ಲೇ ಬದಲಿಸಲು ಬೋಯಿಂಗ್ 2020ರಲ್ಲಿ ಒಪ್ಪಿತು. ಒಟ್ಟು ನಷ್ಟ 700 ಕೋಟಿ ಡಾಲರ್ ಮೀರಿದೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಅದೇ ಕೊಳವೆಯ ಬಿಗುವಿನ ಸಮಸ್ಯೆ. ಎ-10ನಂಥ ಕಡಿಮೆ ಶಕ್ತಿಯ ವಿಮಾನ ಅದನ್ನು ಒತ್ತಿ ಜೋಡಿಸಿಕೊಳ್ಳಲಾರದು. ಆದರೆ ಆ ಬಿಗುವಿನ ಅಳತೆಗೆ ಸರ್ಕಾರವೇ ಮೊದಲು ಒಪ್ಪಿಗೆ ಕೊಟ್ಟಿತ್ತು. ಹಾಗಾಗಿ ದುರಸ್ತಿಯ ವಿನ್ಯಾಸಕ್ಕೆ 2019ರಲ್ಲಿ 5.55 ಕೋಟಿ ಡಾಲರ್ ಕೊಟ್ಟದ್ದು ವಾಯುಪಡೆ. ಒಂದೇ ವಿಮಾನ, ಎರಡು ದೋಷ. ಯಾರು ಹಣ ತೆರಬೇಕೆಂಬುದು ತಾಂತ್ರಿಕ ಗಾಂಭೀರ್ಯದ ಮೇಲಲ್ಲ, ಒಪ್ಪಿಕೊಂಡ ಅಗತ್ಯಗಳ ಪಠ್ಯದ ಮೇಲೆ ನಿಂತಿತು. ಫೆಡರಲ್ ಗುತ್ತಿಗೆಯಲ್ಲಿ ಬದಲಾವಣೆಗೆ ಆದೇಶಿಸುವ ಅಧಿಕಾರ ಕಾಂಟ್ರ್ಯಾಕ್ಟಿಂಗ್ ಆಫೀಸರ್‌ಗೆ ಮಾತ್ರ ಇರುವುದೂ ಇದೇ ಕಾರಣಕ್ಕೆ. ಇಂಜಿನಿಯರ್ ಬಾಯಿಮಾತಿನಲ್ಲಿ ಹೇಳಿದ ಹೆಚ್ಚುವರಿ ಕೆಲಸ ಮಾಡಿದವನಿಗೆ ಬಿಲ್ ಪಾಸಾಗುವ ಭರವಸೆಯಿಲ್ಲ.

ನಿಗದಿತ ದರ ಖಜಾನೆಯನ್ನು ಕಾಯಿತೆಂಬ ಮೆಚ್ಚುಗೆ ನನಗೆ ಅರ್ಧಸತ್ಯವಾಗಿ ಕಾಣುತ್ತದೆ. ದೋಷವಿರುವ ವಿಮಾನಗಳ ಹಣದಲ್ಲಿ ಒಂದು ಭಾಗವನ್ನು ವಾಯುಪಡೆ ತಡೆಹಿಡಿದಿತ್ತು, ನಿಜ. ಆದರೂ ದೋಷ ಉಳಿದಿರುವಾಗಲೇ ಆ ವಿಮಾನಗಳನ್ನು ಹಾರಿಸಬೇಕಾದದ್ದು ಟೆಂಡರ್‌ಗೂ ದರಕ್ಕೂ ಸಂಬಂಧವೇ ಇಲ್ಲದ ಸಿಬ್ಬಂದಿ.