ಚರಾಕ್ಷರ

‘ಚರ್’ ಎಂಬ ಸಂಸ್ಕೃತ ಧಾತುವಿಗೆ ಚಲಿಸು ಎಂದರ್ಥ. ಸಂಚಾರ, ಚರಾಸ್ತಿ ಅದೇ ಬಳಗದವು. ಬೆಲೆ ಬದಲಾಗುವ ಎಕ್ಸ್, ವೈಗಳನ್ನು ನಮ್ಮ ಬೀಜಗಣಿತದ ಪಠ್ಯಗಳು ಚರಾಕ್ಷರ ಎಂದು ಕರೆದವು. ಪ್ರೋಗ್ರಾಮಿಂಗ್ ಕಲಿಯುವವರ ಬಾಯಲ್ಲಿ ಮಾತ್ರ ಅದು ‘ವೇರಿಯಬಲ್’. ಅಲ್ಲಿ ಅದು ಬರೀ ಅಕ್ಷರವೂ ಅಲ್ಲ, ಮೆಮೊರಿಯಲ್ಲಿ ಹೆಸರು ಹಚ್ಚಿಟ್ಟ ಜಾಗ.

ಆರ್ಡುಯಿನೊ ಊನೊ ಆರ್3 ಬೋರ್ಡಿನಲ್ಲಿ ಈ ಜಾಗ ಒಟ್ಟು 2 ಕಿಲೋಬೈಟ್. ಹಾಗಂತ ಜಿಪುಣತನ ಬೇಡ, ಆದರೆ ಎಲ್ಲಕ್ಕೂ ಚರಾಕ್ಷರ ಬೇಕಿಲ್ಲ. 13ನೇ ಪಿನ್ನಿನ ಎಲ್‌ಇಡಿಯನ್ನು ಸೆಕೆಂಡಿಗೊಮ್ಮೆ ಮಿನುಗಿಸಲು ಒಂದೂ ಬೇಡ. ಪಿನ್ ಸಂಖ್ಯೆ ಬದಲಾಗುವುದೇ ಇಲ್ಲ; ಹೆಸರು ಕೊಡುವುದಾದರೆ ‘ಕಾನ್ಸ್ಟ್’ ಸೇರಿಸಿ ಸ್ಥಿರಾಂಕ ಮಾಡಿದರಾಯಿತು. ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಹತ್ತಿ, ಮತ್ತೊಮ್ಮೆ ಒತ್ತಿದರೆ ಆರಬೇಕು ಎಂದಾಗ ಕಥೆ ಬೇರೆ. ಹಿಂದಿನ ಸುತ್ತಿನಲ್ಲಿ ಗುಂಡಿ ಹೇಗಿತ್ತು ಎಂಬುದನ್ನು ಪ್ರೋಗ್ರಾಂ ನೆನಪಿಡಲೇಬೇಕು. ಆ ಚರಾಕ್ಷರವನ್ನು ಮತ್ತೆ ಮತ್ತೆ ಓಡುವ ‘ಲೂಪ್’ನೊಳಗೆ ಸುಮ್ಮನೆ ಘೋಷಿಸಿದರೆ ಪ್ರತಿ ಸುತ್ತಿಗೂ ಹೊಸದಾಗಿ ಹುಟ್ಟುತ್ತದೆ, ಹಳೆಯದು ಮರೆತುಹೋಗುತ್ತದೆ. ಹೊರಗೆ ಘೋಷಿಸಬೇಕು, ಇಲ್ಲವೇ ‘ಸ್ಟ್ಯಾಟಿಕ್’ ಸೇರಿಸಬೇಕು.

ಅಳತೆಯನ್ನೂ ನೋಡಿಕೊಳ್ಳಿ: ಈ ಊನೊದಲ್ಲಿ ‘ಇಂಟ್’ ಬಗೆಯ ಚರಾಕ್ಷರ ಹಿಡಿಯುವುದು 32,767ರವರೆಗೆ ಮಾತ್ರ. ಬೋರ್ಡ್ ಶುರುವಾದಾಗಿನಿಂದ ‘ಮಿಲ್ಲಿಸ್’ ಮಿಲಿಸೆಕೆಂಡುಗಳಲ್ಲಿ ಕೊಡುವ ಸಮಯವನ್ನು ಅದರಲ್ಲಿಟ್ಟರೆ ಮೂವತ್ತಮೂರು ಸೆಕೆಂಡಿನೊಳಗೆ ಲೆಕ್ಕ ಋಣಕ್ಕಿಳಿಯುತ್ತದೆ.