ಬೆರಳಿನ ಅರಿವು ಮರಳಿದ ಬಗೆ

ಕತ್ತಲೆಯಲ್ಲಿ ನಿಮ್ಮ ರೇಡಿಯೋದ ಗುಂಡಿ ತಿರುಗಿಸಿ ನೋಡಿ. ಎಷ್ಟು ಬಿಗಿಯಾಗಿ ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬೆರಳೇ ಬಲ್ಲದು. ಕಣ್ಣಿನ ನೆರವು ಬೇಕಾಗದು. ಚಲನೆ ಬೇರೆ, ಸ್ಪರ್ಶ ಬೇರೆ ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ. ಕತ್ತಿನ ಬಳಿ ಬೆನ್ನುಹುರಿ ಜಜ್ಜಿಹೋದವರಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಹೋಗುತ್ತವೆ. ಅವನ್ನು ಮರಳಿಸುವ ಯತ್ನದಲ್ಲಿ ಮಾತ್ರ ಚಲನೆ ಮುಂದಾಯಿತು, ಸ್ಪರ್ಶ ಬಹಳ ಹಿಂದೆ ಉಳಿಯಿತು.

1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬುವರು ನಾಯಿಯ ಮಿದುಳಿನ ಮೇಲ್ಪದರಕ್ಕೆ ವಿದ್ಯುತ್ತನ್ನು ಹಾಯಿಸಿದರು. ಎದುರು ಬದಿಯ ಕಾಲು ಅಲುಗಿತು. ಪ್ರಯೋಗಶಾಲೆ ದೊರೆಯದೆ ಮನೆಯಲ್ಲಿಯೇ ಇದನ್ನು ನಡೆಸಿದರೆಂದು ಹೇಳುತ್ತಾರೆ. ಮುಂದೆ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಶಸ್ತ್ರವೈದ್ಯ ಪೆನ್‌ಫೀಲ್ಡರು ಎಚ್ಚರವಾಗಿದ್ದ ರೋಗಿಗಳ ಮಿದುಳನ್ನು ವಿದ್ಯುತ್ತಿನಿಂದ ಮುಟ್ಟಿ ನೋಡಿದರು. ಗಾಬರಿಯಾಗಬೇಡಿ, ಮಿದುಳಿಗೆ ತನ್ನದೇ ಆದ ನೋವಿಲ್ಲ. ಯಾರೂ ಮುಟ್ಟದಿದ್ದರೂ ಹೆಬ್ಬೆರಳು ಜುಮ್ಮೆಂದಿತೆಂದು ರೋಗಿ ಹೇಳುತ್ತಿದ್ದ. ಚಲನೆಯ ನೆಲೆ ಮುಂದೆ, ಅದಕ್ಕೆ ಅಂಟಿಕೊಂಡು ಸ್ಪರ್ಶದ ನೆಲೆ ಹಿಂದೆ ಎಂಬ ನಕ್ಷೆ 1937ರಲ್ಲಿ ಪ್ರಕಟವಾಯಿತು.

ನಕ್ಷೆ ದೊರೆತರೂ ದಾರಿ ಸುಲಭವಾಗಲಿಲ್ಲ. 1969ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಫೆಟ್ಜ್ ಎಂಬ ವಿಜ್ಞಾನಿಯ ಕೋತಿ ತನ್ನ ಮಿದುಳಿನ ಒಂದೇ ಒಂದು ಜೀವಕೋಶವನ್ನು ಚುರುಕುಗೊಳಿಸಿ ಮೀಟರಿನ ಮುಳ್ಳನ್ನು ಏರಿಸುವುದನ್ನು ಕಲಿಯಿತು, ತಿಂಡಿಯ ಆಸೆಗೆ. ಮುಳ್ಳು ಏರಿದ್ದು ಎಲ್ಲರಿಗೂ ಕಾಣುತ್ತದೆ. ಸ್ಪರ್ಶ ಕಾಣುವುದೆಲ್ಲಿ? ಕೋತಿಗೆ ಏನೆನಿಸಿತೆಂದು ಅದು ಹೇಳಲಾರದು. ಬಾಯಿಬಿಟ್ಟು ಹೇಳಬಲ್ಲ ಮನುಷ್ಯನೇ ಬೇಕು.

2012ರಲ್ಲಿ ಪ್ರಕಟವಾದ ಒಂದು ವರದಿ ನೋಡಿ. ಪಾರ್ಶ್ವವಾಯುವಿನಿಂದ ಸುಮಾರು 15 ವರ್ಷ ಕೈಕಾಲು ಆಡದಿದ್ದ ಮಹಿಳೆಯೊಬ್ಬರು, ಮಿದುಳಿಗೆ ಸೇರಿಸಿದ ಪುಟ್ಟ ಸೂಜಿಗಳ ಮೂಲಕ ಯಂತ್ರದ ತೋಳನ್ನು ನಡೆಸಿ ಕಾಫಿ ಕುಡಿದರು. ಆದರೆ ಆ ತೋಳಿಗೆ ಬಾಟಲಿ ತಗುಲಿತೋ ಇಲ್ಲವೋ ಎಂಬುದನ್ನು ಅವರು ಕಣ್ಣಿನಿಂದಲೇ ಅರಿಯಬೇಕಾಗಿತ್ತು.

ಪಿಟ್ಸ್‌ಬರ್ಗಿನಲ್ಲಿ ಕಾರು ಅಪಘಾತದಿಂದ ಕೈಕಾಲಿನ ಸ್ವಾಧೀನ ಕಳೆದುಕೊಂಡ ಯುವಕನಿಗೆ ಸ್ಪರ್ಶದ ನೆಲೆಗೂ ಅಂಥ ಸೂಜಿಗಳನ್ನು ಇರಿಸಿದರು. 2016ರ ವರದಿಯಂತೆ, ಕಣ್ಣು ಕಟ್ಟಿ ಯಂತ್ರದ ಬೆರಳುಗಳನ್ನು ಒತ್ತಿದಾಗ, ಒತ್ತಿದ್ದು ಯಾವ ಬೆರಳೆಂದು ಆತ ನೂರಕ್ಕೆ 84 ಬಾರಿ ಸರಿಯಾಗಿ ಹೇಳಿದ. ತನ್ನದೇ ಬೆರಳನ್ನು ಒತ್ತಿದಂತೆ ಕೆಲವೊಮ್ಮೆ, ಬರೀ ಜುಮ್ಮೆನಿಸುವಂತೆ ಕೆಲವೊಮ್ಮೆ. ಅಷ್ಟರಿಂದಲೇ ಪ್ರಯೋಜನವಾಯಿತು. 2021ರಲ್ಲಿ ಅದೇ ಯುವಕ ವಸ್ತುಗಳನ್ನು ಎತ್ತಿಡುವಾಗ, ಸ್ಪರ್ಶವಿಲ್ಲದೆ ಸುಮಾರು 21 ಸೆಕೆಂಡು ಹಿಡಿಯುತ್ತಿದ್ದ ಕೆಲಸ ಸ್ಪರ್ಶವಿದ್ದಾಗ ಸುಮಾರು 10 ಸೆಕೆಂಡಿಗೆ ಇಳಿಯಿತು. ಉಳಿದ ಸಮಯದಲ್ಲಿ ಹೆಚ್ಚಿನ ಪಾಲು, ಹಿಡಿತ ಸಿಕ್ಕಿತೋ ಇಲ್ಲವೋ ಎಂದು ತಡವರಿಸುತ್ತಿದ್ದ ಸಮಯವೇ ಆಗಿತ್ತು.